ತಾಯಿಯ ಕಡೆಗೋ, ಮಕ್ಕಳ ಕಡೆಗೋ

ಹೊರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣದಲ್ಲಿ ಜಗತ್ತಿಗೇ ಭಾರತ ಮೊದಲು, ಮೆಕ್ಸಿಕೊ ಎರಡನೆಯದು ಎಂದು ನಮ್ಮ ಎಕನಾಮಿಕ್ಸ್ ಮೇಡಂ ನೋಟ್ಸ್ ಬರೆಸಿದ್ದರು. 2023ರಲ್ಲಿ ಮೆಕ್ಸಿಕೊಗೆ ಹೀಗೆ ಬಂದ ಹಣ 6,300 ಕೋಟಿ ಡಾಲರ್‌ಗಿಂತಲೂ ಹೆಚ್ಚು. ಅದರಲ್ಲಿ ಬಹುಪಾಲು ಪಕ್ಕದ ಅಮೆರಿಕದಿಂದ ಬರುತ್ತದೆ. ಅಷ್ಟು ದೂರದ ದೇಶ ನಮ್ಮ ಪಕ್ಕದಲ್ಲೇ ಬಂದು ಕೂತಂತೆ ಅನಿಸಿ, ಅಲ್ಲಿಂದ ಹೋದವರ ಬಗ್ಗೆ ಓದತೊಡಗಿದೆ. ಆಗ ಸಿಕ್ಕ ಹೆಸರು ಜೀನೆಟ್ ವಿಸ್ಗೆರಾ.

ಜೀನೆಟ್ ಹುಟ್ಟಿದ್ದು ಮೆಕ್ಸಿಕೊ ಸಿಟಿಯಲ್ಲಿ. ಗಂಡ ಬಸ್ ಚಾಲಕ. ಅಲ್ಲಿ ದರೋಡೆ, ಅಪಹರಣಗಳ ಭಯ ಹೆಚ್ಚಾದಾಗ 1997ರಲ್ಲಿ ಈ ಕುಟುಂಬ ಪುಟ್ಟ ಮಗಳೊಂದಿಗೆ ಅಮೆರಿಕಕ್ಕೆ ಹೋಗಿ ಡೆನ್ವರ್ ನಗರದಲ್ಲಿ ನೆಲೆಸಿತು. ಕೈಯಲ್ಲಿ ವೀಸಾ ಇರಲಿಲ್ಲ. ಜೀನೆಟ್ ಕಟ್ಟಡಗಳನ್ನು ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದರು. ಕಾರ್ಮಿಕ ಸಂಘಟನೆಯಲ್ಲೂ ದುಡಿದರು. ಅಲ್ಲಿ ಇನ್ನೂ ಮೂರು ಮಕ್ಕಳಾದವು. ಅಮೆರಿಕದ ನೆಲದಲ್ಲಿ ಹುಟ್ಟಿದ್ದರಿಂದ ಆ ಮೂವರೂ ಆ ದೇಶದ ಪ್ರಜೆಗಳು. ಹೆತ್ತ ತಾಯಿ ಮಾತ್ರ ಅಲ್ಲ.

2009ರಲ್ಲಿ ರಸ್ತೆಯಲ್ಲಿ ಪೊಲೀಸರು ಅವರ ಗಾಡಿ ನಿಲ್ಲಿಸಿದರು. ಕೆಲಸಕ್ಕಾಗಿ ಸುಳ್ಳು ನಂಬರ್ ಬರೆದುಕೊಂಡಿದ್ದ ಕಾಗದಗಳು ಸಿಕ್ಕವು. ಅಲ್ಲಿಂದ ಗಡೀಪಾರಿನ ಪ್ರಕರಣ ಶುರುವಾಯಿತು.

ಇದನ್ನು ಮನೆಯಲ್ಲಿ ಹೇಳಿದಾಗ ಅಬ್ಬು, "ಕಾನೂನು ಮುರಿದದ್ದು ನಿಜ ತಾನೇ ಬೇಟಾ?" ಎಂದು ಕೇಳಿದರು. ನಿಜ. ಗಡಿ ಕಾಯುವ ಹಕ್ಕು ಎಲ್ಲ ದೇಶಕ್ಕೂ ಇದೆ. ಆದರೆ ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕಲ್ಲವೇ? ದಾಖಲೆ ಇಲ್ಲದ ವಲಸಿಗರು 2022ರಲ್ಲಿ ಅಮೆರಿಕದಲ್ಲಿ ಕಟ್ಟಿದ ತೆರಿಗೆ ಸುಮಾರು 9,670 ಕೋಟಿ ಡಾಲರ್ ಎಂದು ಅಲ್ಲಿನ ತೆರಿಗೆ ಅಧ್ಯಯನ ಸಂಸ್ಥೆಯೊಂದು ಲೆಕ್ಕ ಹಾಕಿದೆ. ಮುದಿ ವಯಸ್ಸಿನ ಪಿಂಚಣಿಗೆಂದು ಇವರ ಸಂಬಳದಿಂದಲೂ ಹಣ ಕಡಿತವಾಗುತ್ತದೆ. ಆ ಪಿಂಚಣಿ ಮಾತ್ರ ಇವರಿಗೆ ಸಿಗುವುದಿಲ್ಲ. ಕೊಡುವ ಕಡೆ ಇವರ ಹೆಸರಿದೆ, ಪಡೆಯುವ ಕಡೆ ಇಲ್ಲ.

ಆದರೆ ನನ್ನ ಮನಸ್ಸು ಕಲಕಿದ್ದು ಈ ಅಂಕಿಗಳಲ್ಲ. 2012ರ ಸೆಪ್ಟೆಂಬರ್‌ನಲ್ಲಿ ಮೆಕ್ಸಿಕೊದಲ್ಲಿ ಜೀನೆಟ್ ಅವರ ತಾಯಿ ತೀರಿಕೊಂಡರು. ಹೋದರೆ ಮರಳಿ ಬರಲು ದಾರಿ ಇಲ್ಲ. ಹೋಗದಿದ್ದರೆ ತಾಯಿಯ ಮಣ್ಣಿಗೆ ಮಗಳಿಲ್ಲ. ಅವರು ಹೋದರು. ಆಮೇಲೆ ತಿಂಗಳುಗಟ್ಟಲೆ ತಮ್ಮ ಮಕ್ಕಳಿಂದ ದೂರ ಉಳಿದರು. 2013ರ ಏಪ್ರಿಲ್‌ನಲ್ಲಿ ಟೆಕ್ಸಾಸ್ ಗಡಿ ದಾಟಿ ಮಕ್ಕಳ ಬಳಿ ಬರುವಾಗ ಸಿಕ್ಕಿಬಿದ್ದರು. ಪ್ರಕರಣ ಇನ್ನಷ್ಟು ಬಿಗಿಯಾಯಿತು. ಮಗಳ ಕರ್ತವ್ಯ ಮಾಡಿದ್ದಕ್ಕೆ ತಾಯಿಯ ಜಾಗವೇ ಕೈತಪ್ಪುವಂತಾಯಿತು.

ಇದನ್ನು ಓದುವಾಗ ನನಗೆ ನಮ್ಮ ಬಡೇ ಅಬ್ಬಾ ನೆನಪಾದರು. ಅವರು ರಿಯಾದ್‌ನಲ್ಲಿ ಡ್ರೈವರ್. ದಾದಿ ತೀರಿಕೊಂಡ ದಿನ ಅವರ ರಜೆಯ ಕಾಗದ ಆಗಲಿಲ್ಲ. ನಮ್ಮಲ್ಲಿ ದಫನ್‌ಗೆ ತಡ ಮಾಡುವಂತಿಲ್ಲ. ವಿಡಿಯೋ ಕಾಲ್‌ನಲ್ಲೇ ಮುಖ ನೋಡಿದರು. ಫೋನ್ ಹಿಡಿದುಕೊಂಡಿದ್ದು ನಾನು. ನನ್ನ ಕೈ ನಡುಗುತ್ತಿತ್ತು. ಅವರು, "ಇನ್ನೂ ಹತ್ತಿರ ಹಿಡಿ ಬೇಟಾ" ಎನ್ನುತ್ತಿದ್ದರು. ಆದರೂ ಅವರ ಬಳಿ ವೀಸಾ ಇತ್ತು. ನಾಲ್ಕು ತಿಂಗಳ ನಂತರ ಬಂದು ಕಬರಿಸ್ತಾನದಲ್ಲಿ ದುವಾ ಮಾಡಿ, ಮತ್ತೆ ಕೆಲಸಕ್ಕೆ ಹೋದರು. ಜೀನೆಟ್‌ಗೆ ಅಷ್ಟೂ ಇರಲಿಲ್ಲ. ಒಂದು ಕಾಗದದ ಬೆಲೆ ಏನೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

2017ರ ಫೆಬ್ರವರಿ 15ರಂದು ಅಧಿಕಾರಿಗಳ ಮುಂದೆ ಹಾಜರಾಗಬೇಕಿದ್ದ ದಿನ ಜೀನೆಟ್ ಹೋಗಲಿಲ್ಲ. ಡೆನ್ವರ್‌ನ ಒಂದು ಚರ್ಚ್‌ನಲ್ಲಿ ಆಶ್ರಯ ಪಡೆದರು. ಚರ್ಚ್, ಶಾಲೆ, ಆಸ್ಪತ್ರೆಗಳೊಳಗೆ ಹೋಗಿ ವಲಸಿಗರನ್ನು ಹಿಡಿಯಬಾರದು ಎಂಬ ಸೂಚನೆ ಆಗ ಜಾರಿಯಲ್ಲಿತ್ತು. ಅಲ್ಲಿದ್ದಾಗಲೇ ಟೈಮ್ ಪತ್ರಿಕೆ ಅವರನ್ನು ಆ ವರ್ಷದ ನೂರು ಪ್ರಭಾವಿ ವ್ಯಕ್ತಿಗಳಲ್ಲಿ ಒಬ್ಬರೆಂದು ಆರಿಸಿತು. ಜಗತ್ತು ಗುರುತಿಸಿದ ಹೆಂಗಸಿಗೆ ಬಾಗಿಲಾಚೆ ಕಾಲಿಡುವ ಧೈರ್ಯವಿರಲಿಲ್ಲ. 86 ದಿನಗಳ ನಂತರ, ಮೇ 12ರಂದು, ಗಡೀಪಾರಿಗೆ ತಾತ್ಕಾಲಿಕ ತಡೆ ಸಿಕ್ಕಿ ಹೊರಗೆ ಬಂದರು. ಮೆಕ್ಸಿಕೊದಲ್ಲಿ ತಾಯಂದಿರ ದಿನ ಮೇ 10. ಅಮೆರಿಕದಲ್ಲಿ ಆ ವರ್ಷ ಮೇ 14. ಎರಡರ ನಟ್ಟನಡುವೆ ಅವರಿಗೆ ಬಿಡುಗಡೆ ಸಿಕ್ಕಿತು.

ಅಷ್ಟಕ್ಕೇ ಮುಗಿಯಲಿಲ್ಲ. 2025ರ ಜನವರಿಯಲ್ಲಿ ಆ ಹಳೆಯ ಸೂಚನೆ ರದ್ದಾಯಿತು. ಮಾರ್ಚ್ 17ರಂದು, ತಾವು ಕೆಲಸ ಮಾಡುತ್ತಿದ್ದ ಅಂಗಡಿಯ ಹೊರಗೆ ಜೀನೆಟ್ ಬಂಧನವಾಯಿತು. ಅಷ್ಟರಲ್ಲಿ ಅವರು ಅಜ್ಜಿಯೂ ಆಗಿದ್ದರು. ಡಿಸೆಂಬರ್‌ನಲ್ಲಿ ಜಾಮೀನು ಸಿಗುವವರೆಗೆ ಸುಮಾರು ಒಂಬತ್ತು ತಿಂಗಳು ಬಂಧನ ಕೇಂದ್ರದಲ್ಲಿ ಕಳೆದರು. ಜಾಮೀನೆಂದರೆ ಬಿಡುಗಡೆ ಅಷ್ಟೇ, ತೀರ್ಪಲ್ಲ.

ಅಜ್ಜಿ ಎಂದರೆ ನಮಗೆ ಮನೆಯಲ್ಲೇ ಇರುವವರು. ಶಾಲೆಯಿಂದ ಬಂದ ಕೂಡಲೇ "ಏನು ತಿಂದೆ?" ಎಂದು ಕೇಳುವವರು. ಮೊಮ್ಮಕ್ಕಳಿಗೆ ಅಜ್ಜಿಯ ಭಾಷೆ, ಅಡುಗೆ, ಹಳೇ ಊರಿನ ಕಥೆ ಎಲ್ಲ ಬರುವುದು ಅವರ ಮಡಿಲಲ್ಲೇ. ನನಗೆ ಉರ್ದು ಬಂದದ್ದು ದಾದಿಯಿಂದ, ಪುಸ್ತಕದಿಂದಲ್ಲ. ಅಜ್ಜಿಯನ್ನು ಗಡಿಯಾಚೆ ಕಳಿಸಿದರೆ ಶಿಕ್ಷೆ ಅವರೊಬ್ಬರಿಗೆ ನಿಲ್ಲುವುದಿಲ್ಲ, ಯಾವ ತಪ್ಪನ್ನೂ ಮಾಡದ ಮೊಮ್ಮಕ್ಕಳಿಗೂ ತಟ್ಟುತ್ತದೆ. ಅಬ್ಬು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಡೇ ಅಬ್ಬಾಗೆ ಫೋನ್ ಹಚ್ಚು" ಎಂದರು.

ಮೆಕ್ಸಿಕೊದವರು ಆಡುವ ಸ್ಪ್ಯಾನಿಷ್ ಭಾಷೆಯಲ್ಲಿ "ಒಹಲಾ" ಎಂಬ ಮಾತಿದೆ. ಹಾಗೇ ಆಗಲಿ ಎಂಬ ಹಾರೈಕೆಗೆ ಬಳಸುತ್ತಾರೆ. ಸ್ಪೇನ್‌ನಲ್ಲಿ ಅರಬರು ಆಳಿದ ಕಾಲದಲ್ಲಿ ಅರಬಿಯಿಂದ ಬಂದ ಮಾತು ಅದು, ಅದರೊಳಗೆ ಅಲ್ಲಾಹನ ಹೆಸರಿದೆ. ಸಮುದ್ರ ದಾಟಿ ಮೆಕ್ಸಿಕೊಗೆ ಹೋದ ಆ ಮಾತನ್ನು ಯಾರೂ ಯಾವ ಗಡಿಯಲ್ಲೂ ತಡೆಯಲಿಲ್ಲ. ಆ ಅಜ್ಜಿ ತನ್ನ ಮೊಮ್ಮಕ್ಕಳ ಜೊತೆಗೇ ಉಳಿಯಲಿ. ಒಹಲಾ. ಇನ್ಶಾ ಅಲ್ಲಾಹ್.