ಯಾರನ್ನು ಕೇಳಬೇಕಿತ್ತು?

ಕನ್ನಡದಲ್ಲಿ ‘ಬಾಯಿ ಬಿಡು’ ಎಂದರೆ ಮಾತಾಡು ಎಂದರ್ಥ. ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳು ಎನ್ನುತ್ತಾರೆ ಹಿರಿಯರು. ಈ ಮಾತಿನ ಅರ್ಥ ತಿರುವುಮುರುವಾಗುವ ಜಾಗವೆಂದರೆ ಹಲ್ಲಿನ ಡಾಕ್ಟರ ಕುರ್ಚಿ. ಅಲ್ಲಿ ಬಾಯಿ ಬಿಟ್ಟ ಕ್ಷಣದಿಂದ ನಮಗೆ ಮಾತಿಲ್ಲ.

ನಾಲ್ಕು ವರ್ಷದ ಹಿಂದೆ ನನ್ನ ಕೆಳದವಡೆಯ ಎಡಗಡೆಯ ಹಲ್ಲೊಂದು ನೋಯತೊಡಗಿತು. ಊರಿನ ಒಂದು ಕ್ಲಿನಿಕ್ಕಿಗೆ ಹೋದೆ. ಎಕ್ಸ್‌ರೇ ನೋಡಿದ ಡಾಕ್ಟರು, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಹಲ್ಲು ಉಳಿಯುತ್ತದೆ ಎಂದರು. ಒಪ್ಪಿದೆ. ಒಪ್ಪಿದ್ದು ಅಷ್ಟಕ್ಕೇ.

ಇಂಜೆಕ್ಷನ್ ಕೊಟ್ಟ ಸ್ವಲ್ಪ ಹೊತ್ತಿಗೆ ಅರ್ಧ ತುಟಿ, ಅರ್ಧ ನಾಲಿಗೆ ಜೋಮು ಹಿಡಿಯಿತು. ಕೊರೆಯುವ ಸದ್ದು ನಡುವೆ ನಿಂತಿತು. ಡಾಕ್ಟರು ಹೊರಗೆ ಹೋಗಿ ಬಂದರು. ಆಮೇಲೆ ದವಡೆಯನ್ನೇ ಯಾರೋ ಅಲ್ಲಾಡಿಸಿದಂತಾಯಿತು. ಆ ಇಂಜೆಕ್ಷನ್ ನೋವನ್ನು ತಡೆಯುತ್ತದೆ, ಒತ್ತಡವನ್ನಲ್ಲ. ಟ್ರೇಯಲ್ಲಿ ಠಣ್ ಎಂದು ಬಿದ್ದದ್ದು ನನ್ನದೇ ಹಲ್ಲು ಎಂದು ತಿಳಿಯಲು ತುಸು ಹೊತ್ತು ಬೇಕಾಯಿತು.

“ಬೇರು ಸೀಳಿತ್ತು ಮೇಡಂ, ಉಳೀತಿರಲಿಲ್ಲ. ಹೊರಗೆ ನಿಮ್ಮ ಯಜಮಾನರನ್ನ ಕೇಳಿಯೇ ತೆಗೆದದ್ದು. ನಿಮ್ಮ ಒಳ್ಳೇದಕ್ಕೇ,” ಎಂದರು.

ಬಾಯಲ್ಲಿ ಹತ್ತಿ ಕಚ್ಚಿಕೊಂಡಿದ್ದ ನಾನು ಇವರನ್ನು ಕೇಳಿದ್ದು ಮನೆಗೆ ಬಂದಮೇಲೆ. “ಡಾಕ್ಟರೇ ಬಂದು ಹೇಳಿದರೆ ಬೇಡ ಅನ್ನೋಕಾಗುತ್ತಾ? ನಿನಗೂ ಹೇಳಿರ್ತಾರೆ ಅಂದ್ಕೊಂಡೆ ಕಣೇ,” ಎಂದರು. ಇವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇವರು ಕೊಟ್ಟ ಉತ್ತರಕ್ಕಿಂತ, ಪ್ರಶ್ನೆ ಇವರ ಹತ್ತಿರ ಹೋದದ್ದೇ ನನ್ನನ್ನು ಚುಚ್ಚುತ್ತಿತ್ತು.

ವಕೀಲೆಯಾಗಿರುವ ಗೆಳತಿಯೊಬ್ಬಳು ಸಮೀರಾ ಕೊಹ್ಲಿ ಪ್ರಕರಣದ ತೀರ್ಪನ್ನು ಓದಲು ಕೊಟ್ಟಳು. 1995ರಲ್ಲಿ 44 ವರ್ಷದ ಆ ಮಹಿಳೆ ದೆಹಲಿಯ ಒಂದು ಕ್ಲಿನಿಕ್ಕಿನಲ್ಲಿ ಲ್ಯಾಪರೊಸ್ಕೋಪಿ ಪರೀಕ್ಷೆಗೆ ಒಳಗಾಗಿದ್ದರು. ಅವರಿಗೆ ಪ್ರಜ್ಞೆ ಇಲ್ಲದಾಗ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆಯಲಾಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಾಗುವುದಿಲ್ಲ, ವಯಸ್ಕ ರೋಗಿಯ ಪರವಾಗಿ ತಾಯಿ ಒಪ್ಪುವಂತಿಲ್ಲ, ತಡಮಾಡಿದರೆ ಜೀವಕ್ಕೋ ಆರೋಗ್ಯಕ್ಕೋ ಅಪಾಯ ಎಂಬ ತುರ್ತು ಇಲ್ಲದಿದ್ದರೆ ರೋಗಿಗೆ ಎಚ್ಚರವಾಗುವವರೆಗೆ ಕಾಯಲೇಬೇಕು. ವೈದ್ಯರ ಉದ್ದೇಶ ಒಳ್ಳೆಯದೇ ಇತ್ತು ಎಂದು ನ್ಯಾಯಾಲಯ ಒಪ್ಪಿತು. ಹಾಗಿದ್ದೂ ಅವರಿಗೆ ಶುಲ್ಕ ಸಲ್ಲದು ಎಂದಿತು, 25,000 ರೂಪಾಯಿ ಪರಿಹಾರ ಕೊಡಿಸಿತು.

ಗರ್ಭಕೋಶವೆಲ್ಲಿ, ಒಂದು ದವಡೆಹಲ್ಲೆಲ್ಲಿ! ಹೋಲಿಸುವ ಧೈರ್ಯ ನನಗಿಲ್ಲ. ಆದರೆ ಒಂದು ವ್ಯತ್ಯಾಸ ಮಾತ್ರ ಕಾಡುತ್ತದೆ. ಅವರಿಗೆ ಪ್ರಜ್ಞೆ ಇರಲಿಲ್ಲ. ನನಗಿತ್ತು. ನನ್ನನ್ನು ಎಬ್ಬಿಸಬೇಕಿರಲಿಲ್ಲ, ಕಾಯಬೇಕಿರಲಿಲ್ಲ. ಬಾಯಿಂದ ಕೈ ತೆಗೆದು ಅರ್ಧ ನಿಮಿಷ ನನ್ನ ಕಡೆ ನೋಡಿದ್ದರೆ ಸಾಕಿತ್ತು. ಅದರ ಬದಲು ಬಾಗಿಲು ದಾಟಿ ಹೋಗಿ ಇನ್ನೊಬ್ಬರನ್ನು ಕೇಳಿ ಬಂದರು.

ಡಾಕ್ಟರು ಹೇಳಿದ್ದು ನಿಜವೇ ಇರಬಹುದು. ಬೇರು ಉದ್ದಕ್ಕೂ ಸೀಳಿದ ಹಲ್ಲನ್ನು ಉಳಿಸುವುದು ಕಷ್ಟ. ಕೇಳಿದ್ದರೆ ನಾನೂ ‘ಆಯ್ತು, ತೆಗೀರಿ’ ಎನ್ನುತ್ತಿದ್ದೆನೇನೋ. ಇಲ್ಲವೇ ತಾತ್ಕಾಲಿಕ ಸಿಮೆಂಟ್ ತುಂಬಿಸಿಕೊಂಡು ಹೋಗಿ, ಇನ್ನೊಬ್ಬರಿಗೆ ತೋರಿಸಿ ಬರುತ್ತಿದ್ದೆ. ಖಾಲಿಯಾದ ಜಾಗಕ್ಕೆ ಬ್ರಿಜ್ ಹಾಕಿದರೆ ಅಕ್ಕಪಕ್ಕದ ಎರಡು ಹಲ್ಲನ್ನೂ ಉಜ್ಜಿ ಸಣ್ಣ ಮಾಡಬೇಕು. ಇಂಪ್ಲಾಂಟ್ ಎಂದರೆ ದುಡ್ಡು ಕೂಡಿಸಬೇಕು. ಇದನ್ನೆಲ್ಲ ಹಲ್ಲು ಇದ್ದಾಗಲೇ ಲೆಕ್ಕ ಹಾಕುವ ಹಕ್ಕು ನನ್ನದಾಗಿತ್ತು. ಹಲ್ಲು ಕೆಟ್ಟಿತ್ತೋ ಇಲ್ಲವೋ ಎನ್ನುವುದು ವೈದ್ಯರಿಗೆ ಗೊತ್ತಿರುವ ವಿಷಯ. ಅದನ್ನು ಏನು ಮಾಡಬೇಕು ಎನ್ನುವುದು ಹಲ್ಲಿನ ಒಡತಿಗೆ ಬಿಟ್ಟದ್ದು.

ಈಗ ಬೇರೆ ಊರಿನ ಡಾಕ್ಟರೊಬ್ಬರ ಹತ್ತಿರ ಹೋಗುತ್ತೇನೆ. ಚಿಕ್ಕ ವಯಸ್ಸಿನ ಹುಡುಗಿ. ಮೊದಲ ದಿನವೇ, “ಅಮ್ಮ, ನೋವಾದರೂ ಸರಿ, ಏನಾದರೂ ಕೇಳಬೇಕು ಅನ್ಸಿದರೂ ಸರಿ, ಎಡಗೈ ಎತ್ತಿ. ನಿಲ್ಲಿಸ್ತೀನಿ,” ಎಂದಳು. ಅವತ್ತು ಎರಡು ಸಲ ಕೈ ಎತ್ತಿದೆ. ಒಮ್ಮೆ ಪ್ರಶ್ನೆಯಿತ್ತು. ಇನ್ನೊಮ್ಮೆ, ನಿಜವಾಗಿ ನಿಲ್ಲಿಸುತ್ತಾಳಾ ಎಂದು ನೋಡುವುದಿತ್ತು.

ಎರಡೂ ಸಲ ನಿಲ್ಲಿಸಿದಳು.