ಟೂರಿನ್‌ನಲ್ಲಿ ಇಲ್ಲದ ಸ್ಟೇಡಿಯಂ

ಇಟಲಿಗೆ ಹೋದವರು ವೆನಿಸ್, ಪೀಸಾದ ವಾಲುಗೋಪುರ ನೋಡಿ ಬರುತ್ತಾರೆ. ನನ್ನ ಪಟ್ಟಿಯೇ ಬೇರೆ. 1990ರ ವಿಶ್ವಕಪ್ ಫುಟ್‌ಬಾಲ್ ನಡೆದ 12 ಊರುಗಳಲ್ಲಿ ಎರಡನ್ನಾದರೂ ನೋಡಬೇಕು, ಅಷ್ಟೇ. 2023ರಲ್ಲಿ ಹೋದಾಗ, ಎಂಜಿನಿಯರಿಂಗ್ ಓದಲು ಟೂರಿನ್ ಸೇರಿದ್ದ ಮಗನೇ ಮಾರ್ಗದರ್ಶಿ.

ಡೆಲ್ಲೆ ಆಲ್ಪಿ ಸ್ಟೇಡಿಯಂ ಎಲ್ಲಿ ಎಂದೆ. "ಅದನ್ನು ಕೆಡವಿ ಎಷ್ಟೋ ವರ್ಷವಾಯ್ತಲ್ಲಪ್ಪಾ" ಎಂದ. ಆ ವಿಶ್ವಕಪ್‌ಗೆಂದೇ ಕಟ್ಟಿದ್ದು. ಸುಮಾರು 69 ಸಾವಿರ ಜನ ಹಿಡಿಸುತ್ತಿತ್ತು. ಆದರೆ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದ್ದುದರಿಂದ ಕೂತವರಿಗೆ ಆಟ ಬಲು ದೂರವಾಗಿತ್ತು. ಅದೇ ಜಾಗದಲ್ಲಿ 2011ರಲ್ಲಿ ಯುವೆಂಟಸ್ ಕ್ಲಬ್ಬಿನ ಹೊಸ ಸ್ಟೇಡಿಯಂ ಬಂತು: 41 ಸಾವಿರ ಆಸನ, ಟ್ರ್ಯಾಕ್ ಇಲ್ಲ. ಸೆಮಿಫೈನಲ್‌ನಲ್ಲಿ ಹಳದಿ ಕಾರ್ಡ್ ಕಂಡು ಇಂಗ್ಲೆಂಡಿನ ಗ್ಯಾಸ್ಕೋಯ್ನ್ ಕಣ್ಣೀರು ಹಾಕಿದ ನೆಲ ಇದೇ ಅಲ್ಲವೇ ಎಂದುಕೊಳ್ಳುತ್ತಾ ನಿಂತಿದ್ದೆ. ಮಗ ಬೇಲಿಯತ್ತ ನೋಡುತ್ತಾ, "ಎರಡು ಪೇಪರ್ ಹೋಗಿದೆಯಪ್ಪಾ. ಅಮ್ಮನಿಗೆ ಹೇಳಿಲ್ಲ" ಎಂದ. ಅಲ್ಲಿ 30ಕ್ಕೆ 18 ಬಂದರೆ ಪಾಸು. ಇವನಿಗೆ ಎರಡರಲ್ಲೂ ಅಷ್ಟು ಬಂದಿರಲಿಲ್ಲ.

ಬ್ಯಾಂಕಿನ ಸಾಲ ನೆನಪಾಯಿತು. ಬೈಗುಳ ಬಾಯಿತನಕ ಬಂದಿತ್ತು; ಪರದೇಶ, ಸುತ್ತ ಜನ ಬೇರೆ, ನುಂಗಿಕೊಂಡೆ.

ಮರುದಿನ ನೇಪಲ್ಸ್‌ಗೆ ರೈಲು. ದಾರಿಯುದ್ದಕ್ಕೂ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಅಲ್ಲಿ ಸ್ಟೇಡಿಯಂ ಇದೆ, ಹೆಸರು ಬದಲಾಗಿದೆ: ಸ್ಯಾನ್ ಪಾವ್ಲೊ ಎಂದಿದ್ದದ್ದಕ್ಕೆ 2020ರಲ್ಲಿ ಮರಡೋನಾ ತೀರಿಕೊಂಡ ಮೇಲೆ ಆತನ ಹೆಸರನ್ನೇ ಇಟ್ಟರು. 1990ರ ಜುಲೈ 3ರ ಸೆಮಿಫೈನಲ್ ನಡೆದದ್ದು ಇಲ್ಲೇ. ಇಟಲಿಗೆ ಎದುರಾಳಿ ಅರ್ಜೆಂಟೀನಾ. ಅದರ ನಾಯಕ ಮರಡೋನಾ ಆಗ ಇದೇ ಊರಿನ ನಾಪೋಲಿ ತಂಡದ ಆಟಗಾರ, ಆ ವರ್ಷವೇ ಇವರಿಗೆ ಲೀಗ್ ಗೆಲ್ಲಿಸಿಕೊಟ್ಟವನು. ಕೂಗುವುದು ದೇಶಕ್ಕೋ, ಅವನಿಗೋ? ಊರಿನವರ ಪಾಡು ಹೇಗಿದ್ದಿರಬೇಕು! ಮೊದಲು ಸ್ಕಿಲಾಚಿ ಗೋಲು, ಆಮೇಲೆ ಕ್ಯಾನಿಜಿಯಾ ಸಮ ಮಾಡಿದ. ಪೆನಾಲ್ಟಿಯಲ್ಲಿ ಇಟಲಿ ಸೋತಿತು.

ಹತ್ತಿರದಲ್ಲೇ ಕಾಫಿಗೆ ಕೂತಾಗ ಮಗ, "ಈ ಮ್ಯಾಚ್ ನೀನು ಎಲ್ಲಿ ನೋಡಿದ್ದೆ?" ಎಂದ. ಅಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ಪಿಯುಸಿ ಗಣಿತದಲ್ಲಿ ಫೇಲಾಗಿದ್ದೆ. ಗೆಳೆಯನ ಮನೆಯಲ್ಲಿ ಸಪ್ಲಿಮೆಂಟರಿಗೆ ಓದುತ್ತೇನೆಂದು ಅಪ್ಪನಿಗೆ ಸುಳ್ಳು ಹೇಳಿ, ರಾತ್ರಿ ಹನ್ನೊಂದೂವರೆಗೆ ಅವರ ಕಪ್ಪುಬಿಳುಪು ಟೀವಿಯ ಮುಂದೆ ಕೂತಿದ್ದೆ. ಬೆಳಿಗ್ಗೆ ನನ್ನ ಕೆಂಪು ಕಣ್ಣು ನೋಡಿ ಅಪ್ಪ, "ಇಷ್ಟೊಂದು ನಿದ್ದೆಗೆಡಬೇಡವೋ" ಎಂದು ತಾವೇ ಹಾಲು ಕಾಯಿಸಿ ಕೊಟ್ಟಿದ್ದರು.

ಮಗ ನಕ್ಕ. ಆಮೇಲೆ, "ಸಪ್ಲಿಮೆಂಟರಿ ಏನಾಯ್ತು?"

"ಮೂವತ್ತೈದು. ಒಂದೂ ಹೆಚ್ಚಿಲ್ಲ."

ಫೋನ್ ತೆಗೆದು ಅಮ್ಮನ ನಂಬರು ಒತ್ತಿದ. ನಾನು ಇನ್ನೊಂದು ಕಾಫಿ ತರಲು ಎದ್ದೆ.