ಕಬ್ಬಿನ ನಾಡಿನ ಮತಪೆಟ್ಟಿಗೆ

ಮಂಡ್ಯದಿಂದ ಬೆಂಗಳೂರಿನ ಕಡೆಗೆ ಹಳೆಯ ಹೆದ್ದಾರಿ ಹಿಡಿದರೆ ಮದ್ದೂರು ತಲುಪಲು ಹೆಚ್ಚು ಹೊತ್ತು ಬೇಕಿಲ್ಲ. ದಾರಿಯುದ್ದಕ್ಕೂ ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆಗಳು, ಕಬ್ಬಿನ ತೋಟಗಳು, ನಡುನಡುವೆ ಆಲೆಮನೆಯ ಹೊಗೆ. 2011ರ ಜನಗಣತಿಯಂತೆ ಈ ಜಿಲ್ಲೆಯ ನೂರು ಮಂದಿಯಲ್ಲಿ ಸುಮಾರು 83 ಮಂದಿ ಹಳ್ಳಿಯವರು. ಚುನಾವಣೆ ಬಂತೆಂದರೆ ಊರಿನ ಶಾಲೆಯೇ ಮತಗಟ್ಟೆ. ಬೆಂಚುಗಳು ಗೋಡೆಗೆ ಸರಿಯುತ್ತವೆ, ಮಕ್ಕಳಿಗೆ ರಜೆ. ಕಪ್ಪು ಹಲಗೆಯ ಮೇಲೆ ಹಿಂದಿನ ದಿನದ ಲೆಕ್ಕ ಅಳಿಸದೆ ಉಳಿದಿರುವುದೂ ಉಂಟು.

ಮದ್ದೂರೆಂದರೆ ವಡೆ ಎಂದು ತಿಳಿದವರೇ ಹೆಚ್ಚು. ಪಟ್ಟಣಕ್ಕೆ ಅಂಟಿಕೊಂಡಿರುವ ಶಿವಪುರದ ಸತ್ಯಾಗ್ರಹ ಸೌಧವನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತಾರೆ. 1938ರ ಏಪ್ರಿಲ್‌ನಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ನಡೆದದ್ದು ಇಲ್ಲಿಯೇ. ನಿಷೇಧಾಜ್ಞೆ ಮೀರಿ ಧ್ವಜ ಹಾರಿಸಿದ ನಾಯಕರು ಸೆರೆಯಾದರು. ಅವರು ಕೇಳಿದ್ದು ಜವಾಬ್ದಾರಿ ಸರ್ಕಾರ, ಅಂದರೆ ಪ್ರಜೆಗಳಿಗೆ ಉತ್ತರ ಹೇಳಬೇಕಾದ ಸರ್ಕಾರ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಅದರ ಮರುವರ್ಷ, 1939ರಲ್ಲಿ.

ಮತದ ಹಕ್ಕು ಕೈಗೆ ಬಂದ ಮೇಲೆ ಈ ಜನ ಅದನ್ನು ಹೇಗೆ ಬಳಸಿದರು? 1952ರಿಂದ 1967ರವರೆಗೆ ನಡೆದ ನಾಲ್ಕು ಲೋಕಸಭಾ ಚುನಾವಣೆಗಳಲ್ಲೂ ಗೆದ್ದವರು ಕಾಂಗ್ರೆಸ್ಸಿನ ಎಂ.ಕೆ. ಶಿವನಂಜಪ್ಪನವರು. ಇಷ್ಟನ್ನೇ ನೋಡಿದರೆ ಮಂಡ್ಯ ಕಾಂಗ್ರೆಸ್ಸಿನ ಭದ್ರಕೋಟೆ ಎನಿಸುತ್ತದೆ. ಆದರೆ 1962ರ ಮದ್ದೂರಿನ ಕಥೆ ಬೇರೆ.

ಆ ವರ್ಷ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೇ ಚುನಾವಣೆ. ವಿಧಾನಸಭೆಗೆ ಕಾಂಗ್ರೆಸ್ಸಿನಿಂದ ನಿಂತವರು ಕೆ.ವಿ. ಶಂಕರಗೌಡರು, ಮಂಡ್ಯದ ಪಿ.ಇ.ಎಸ್. ಇಂಜಿನಿಯರಿಂಗ್ ಕಾಲೇಜನ್ನು ಅದೇ ವರ್ಷ ಕಟ್ಟಿದ ಹಿರಿಯರು. ಅವರ ಪರವಾಗಿ ಪ್ರಧಾನಿ ನೆಹರೂ ಅವರೇ ಪ್ರಚಾರಕ್ಕೆ ಬಂದಿದ್ದರು. ಎದುರಿಗೆ ಪಕ್ಷೇತರ, ಮೂವತ್ತು ತುಂಬದ ಸೋಮನಹಳ್ಳಿಯ ಎಸ್.ಎಂ. ಕೃಷ್ಣ. ಅಮೆರಿಕದಲ್ಲಿ ಕಾನೂನು ಓದುವಾಗ 1960ರ ಅಧ್ಯಕ್ಷ ಚುನಾವಣೆಯಲ್ಲಿ ಜಾನ್ ಕೆನಡಿಯವರ ಪರ ಓಡಾಡಿ, ಅವರಿಂದ ಕೃತಜ್ಞತೆಯ ಪತ್ರ ಪಡೆದು ಬಂದವರು. ಮದ್ದೂರಿನವರು ಗೆಲ್ಲಿಸಿದ್ದು ಕೃಷ್ಣರನ್ನು. ದೆಹಲಿಗೆ ಕಾಂಗ್ರೆಸ್, ಬೆಂಗಳೂರಿಗೆ ಪಕ್ಷೇತರ! ಹಾಗೆಂದು ಕೃಷ್ಣರಿಗೂ ಖಾಯಂ ಪಟ್ಟ ಸಿಗಲಿಲ್ಲ. 1967ರಲ್ಲಿ ಅದೇ ಮದ್ದೂರು ಅವರನ್ನು ಸೋಲಿಸಿತು. 1999ರಲ್ಲಿ ಗೆಲ್ಲಿಸಿದಾಗ ಅವರು ಮುಖ್ಯಮಂತ್ರಿಯಾದರು.

ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ ಮಹಾಚುನಾವಣೆಯಲ್ಲಿ ಮೊದಲು ಬಳಕೆಯಾದದ್ದೂ 1962ರಲ್ಲಿಯೇ. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಡನೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಸೋಪಿಗೆ ಅದು ಬಗ್ಗುವುದಿಲ್ಲ. ಉಗುರು ಬೆಳೆದಂತೆಯೇ ಗುರುತು ಹೋಗಬೇಕು.

ಮುಂದೆ 1977ರಲ್ಲಿ ಉತ್ತರ ಭಾರತವೆಲ್ಲ ಜನತಾ ಪಕ್ಷದ ಕಡೆ ವಾಲಿದಾಗ ರಾಜ್ಯದ ಬಹುಪಾಲು ಕ್ಷೇತ್ರಗಳಂತೆ ಮಂಡ್ಯವೂ ಕಾಂಗ್ರೆಸ್ಸಿನ ಚಿಕ್ಕಲಿಂಗಯ್ಯನವರನ್ನು ಉಳಿಸಿಕೊಂಡಿತು. 1984ರಲ್ಲಿ ಕಾಂಗ್ರೆಸ್ಸಿಗೆ ರಾಜ್ಯದ 28ರಲ್ಲಿ 24 ಸ್ಥಾನ ಬಂದಾಗ ಮಂಡ್ಯ ಜನತಾ ಪಕ್ಷವನ್ನು ಆರಿಸಿತು. ಆ ಅಭ್ಯರ್ಥಿ ಬೇರೆ ಯಾರೂ ಅಲ್ಲ, 1962ರಲ್ಲಿ ಸೋತಿದ್ದ ಶಂಕರಗೌಡರೇ.

ಮದ್ದೂರಿನಿಂದ ಮಳವಳ್ಳಿಯ ರಸ್ತೆಗೆ ತಿರುಗಿದರೆ ಸಿಗುವ ಊರು ಕೆ.ಎಂ. ದೊಡ್ಡಿ. ಇಲ್ಲಿನ ಭಾರತೀ ವಿದ್ಯಾಸಂಸ್ಥೆಯನ್ನು ಬೆಳೆಸಿದ ಜಿ. ಮಾದೇಗೌಡರು ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಕ್ಷೇತ್ರದಿಂದ ಸತತ ಆರು ಬಾರಿ ಶಾಸಕರು, 1989 ಮತ್ತು 1991ರಲ್ಲಿ ಸಂಸದರು. ಕಾವೇರಿ ಹೋರಾಟದ ಮುಂದಾಳು. ಹತ್ತಿರದ ದೊಡ್ಡರಸಿನಕೆರೆ ಚಿತ್ರನಟ ಅಂಬರೀಷರ ಊರು. ಅವರು 1998ರಲ್ಲಿ ಜನತಾದಳದಿಂದ ಗೆದ್ದರು, ಮರುವರ್ಷವೇ ಕಾಂಗ್ರೆಸ್ಸಿನಿಂದ ಗೆದ್ದರು, 2004ರಲ್ಲೂ ಗೆದ್ದರು. ಆದರೆ 2009ರಲ್ಲಿ ಸೋತರು. ಅಭಿಮಾನಕ್ಕೂ ಇಲ್ಲಿ ಒಂದು ಲೆಕ್ಕವಿದೆ.

ಎಲ್ಲಕ್ಕಿಂತ ಸ್ವಾರಸ್ಯದ್ದು ಈಚಿನ ಅಧ್ಯಾಯ. 2018ರ ವಿಧಾನಸಭಾ ಚುನಾವಣೆಯಲ್ಲಿ ಜಿಲ್ಲೆಯ ಏಳೂ ಸ್ಥಾನ ಜೆ.ಡಿ.ಎಸ್. ಪಾಲು. ಅದೇ ವರ್ಷದ ಲೋಕಸಭಾ ಉಪಚುನಾವಣೆಯಲ್ಲಿ ಆ ಪಕ್ಷಕ್ಕೆ 3 ಲಕ್ಷಕ್ಕೂ ಮೀರಿದ ಅಂತರದ ಗೆಲುವು. ಆರು ತಿಂಗಳೊಳಗೆ, 2019ರಲ್ಲಿ, ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ ಅಭ್ಯರ್ಥಿ. ಎದುರಿಗೆ ಅಂಬರೀಷರ ಪತ್ನಿ ಸುಮಲತಾ, ಪಕ್ಷೇತರ; ಕಹಳೆ ಊದುವ ರೈತನ ಗುರುತು, ಬಿ.ಜೆ.ಪಿ. ಬೆಂಬಲ. ಕಣದಲ್ಲಿ ಇನ್ನೂ ಮೂವರು ಸುಮಲತಾ ಇದ್ದರು! ಹಳ್ಳಿಯ ಮತದಾರ ಹೆಸರಿಗೆ ಮೋಸ ಹೋಗಲಿಲ್ಲ. 1,25,876 ಮತಗಳ ಅಂತರದಿಂದ ಸುಮಲತಾ ಗೆದ್ದರು.

2023ರಲ್ಲಿ ಜಿಲ್ಲೆಯ ಏಳರಲ್ಲಿ ಐದು ಸ್ಥಾನ ಕಾಂಗ್ರೆಸ್ಸಿಗೆ, ಜೆ.ಡಿ.ಎಸ್.ಗೆ ಒಂದೇ ಒಂದು. ವರ್ಷ ಕಳೆಯುವಷ್ಟರಲ್ಲಿ, 2024ರಲ್ಲಿ, ಮಗನನ್ನು ಸೋಲಿಸಿದ ಕ್ಷೇತ್ರವೇ ತಂದೆ ಎಚ್.ಡಿ. ಕುಮಾರಸ್ವಾಮಿಯವರನ್ನು 2.8 ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಲೋಕಸಭೆಗೆ ಕಳಿಸಿತು. ಟಿ.ವಿ. ಪಂಡಿತರು ಇದನ್ನು ಅಲೆ ಎನ್ನುತ್ತಾರೆ. ಎರಡು ಮತಕ್ಕೆ ಎರಡು ಲೆಕ್ಕ ಎನ್ನುವುದೇ ಸರಿಯೇನೋ.

ಮಳವಳ್ಳಿ ಹತ್ತಿರವಾದಂತೆ ನಾಲೆಯೂ ಕಿರಿದಾಗುತ್ತದೆ. ಕೊನೆಯ ಭಾಗದ ಈ ಊರುಗಳಿಗೆ ನೀರು ತಡವಾಗಿ ಬರುವುದು, ಕೆಲವು ವರ್ಷ ಬಾರದೇ ಹೋಗುವುದು ಹಳೆಯ ಸಂಕಟ. ಪ್ರಚಾರದ ಜೀಪು ಅರಳಿಕಟ್ಟೆಯ ಬಳಿ ನಿಂತಾಗ ಪಕ್ಷದ ಹೆಸರು ಕೇಳುವ ಮೊದಲೇ ಬರುವ ಪ್ರಶ್ನೆ: "ನಾಲೆಗೆ ನೀರು ಯಾವಾಗ ಬುಡ್ತೀರಾ ಸ್ವಾಮಿ?"